ನಾಲ್ಕು ದಿನದ ದೆಹಲಿಗೆ ಅರವತ್ತು ದಿನದ ತಯಾರಿ



ಎರಡು ವಾರದಿಂದ ಏನೂ ಬರೆದಿರಲಿಲ್ಲ. ಕೆಲವರು ಫೋನ್ ಮಾಡಿ, "ಯಾಕೆ ಯಜಮಾನ್ರೇ, ಹುಷಾರಿಲ್ವಾ?" ಅಂತ ಕೇಳಿದ್ರಿ. ಹುಷಾರಾಗೇ ಇದ್ದೀನಿ. ನಾನೂ ನಮ್ಮ ಮನೆಯವಳೂ ದೆಹಲಿ ನೋಡ್ಕಂಡು ಬಂದ್ವಿ. ಡೇರಿಗೆ ಹಾಲು ಹಾಕೋಕೆ ಹೋದಾಗ ದಿನಾ ಒಬ್ಬರಾದ್ರೂ ಕೇಳ್ತಾರೆ: ಏನೇನು ನೋಡಿದ್ರಿ, ಎಲ್ಲಾ ಮುಂಚೇನೇ ಬುಕ್ ಮಾಡ್ಬೇಕಾ, ಅಲ್ಲೇ ಹೋಗಿ ಟಿಕೆಟ್ ತಗಂಡ್ರೆ ಆಗಲ್ವಾ ಅಂತ. ಒಬ್ಬೊಬ್ಬರಿಗೆ ಒಂದೊಂದು ಹೇಳೋ ಬದಲು ಇಲ್ಲೇ ಪೂರ್ತಿ ಬರೀತೀನಿ. ಹಸು ಕಟ್ಟಿರೋ ನಮ್ಮಂಥವರಿಗೆ ಬುಕಿಂಗ್ ಅಂದ್ರೆ ಬರೀ ಟಿಕೆಟ್ ಅಲ್ಲ ಅನ್ನೋದು ನನಗೆ ಈ ಸಲ ಅರ್ಥ ಆಯ್ತು. ಅದನ್ನೂ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ದೆಹಲಿಗೆ ಹೋಗಿದ್ದು ಇದು ಎರಡನೇ ಸಲ. ಮೊದಲನೇ ಸಲ 2016ರಲ್ಲಿ. ನಮ್ಮ ತಾಲ್ಲೂಕಿಂದ ಒಂದು ನಲವತ್ತು ಜನ ರೈತರನ್ನ ಕೃಷಿ ಪ್ರವಾಸ ಅಂತ ಕರ್ಕಂಡು ಹೋಗಿದ್ರು. ನಮ್ಮಣ್ಣನೂ ಬಂದಿದ್ದ. ಮೂರು ದಿನ ಭಾಷಣ, ಹೊಲ, ಮೆಷಿನ್ನು ಎಲ್ಲಾ ನೋಡಿ ಆದಮೇಲೆ ಒಂದು ದಿನ ಊರು ನೋಡೋಕೆ ಅಂತ ಬಿಟ್ಟಿದ್ರು. ಆ ಒಂದು ದಿನ ಸೋಮವಾರ. ದೆಹಲೀಲಿ ಸೋಮವಾರ ಕೆಂಪುಕೋಟೆಗೆ ರಜಾ. ನ್ಯಾಷನಲ್ ಮ್ಯೂಸಿಯಂಗೆ ರಜಾ. ಅಕ್ಷರಧಾಮಕ್ಕೂ ರಜಾ. ಕರ್ಕಂಡು ಹೋದೋರಿಗೂ ಗೊತ್ತಿರಲಿಲ್ಲ, ನಮಗಂತೂ ಮೊದಲೇ ಗೊತ್ತಿರಲಿಲ್ಲ.

ಕೆಂಪುಕೋಟೆ ಮುಂದೆ ನಲವತ್ತು ಜನ ಬಿಸಿಲಲ್ಲಿ ನಿಂತ್ವಿ. ನಮ್ಮಣ್ಣ ಬಿಳಿ ಪಂಚೆ ಉಟ್ಕಂಡು, ಹೆಗಲ ಮೇಲೆ ಟವೆಲ್ ಹಾಕ್ಕಂಡು, ಮುಚ್ಚಿದ ಗೇಟನ್ನೇ ಬಹಳ ಹೊತ್ತು ನೋಡಿದ. ಆಮೇಲೆ, "ಎರಡು ರಾತ್ರಿ ರೈಲಲ್ಲಿ ಕೂತು ಬೀಗ ನೋಡೋಕೆ ಬಂದಂಗಾಯ್ತಲ್ಲೋ" ಅಂದ. ಎಲ್ಲರೂ ನಕ್ವಿ. ಅವನು ಮಾತ್ರ ನಗಲಿಲ್ಲ. ಚಿಕ್ಕಂದಿನಲ್ಲಿ ಆಗಸ್ಟ್ 15 ಬಂತು ಅಂದ್ರೆ ರೇಡಿಯೋದಲ್ಲಿ ಕೆಂಪುಕೋಟೆಯಿಂದ ಪ್ರಧಾನಿ ಭಾಷಣ ಬರೋದು, ಇಂದಿರಮ್ಮನ ಕಾಲದಿಂದ ಅದನ್ನ ತಪ್ಪದೆ ಕೇಳಿದೋನು ಅವನು. ಹಿಂದಿ ಒಂದಕ್ಷರ ಬರದಿದ್ರೂ ಕೇಳೋನು.

ಆಮೇಲೆ 2019ರಲ್ಲಿ ನಮ್ಮಿಬ್ಬರಿಗೂ ಮಾತು ಬಿಟ್ಟೋಯ್ತು. ಭಾಗ ಆಗಿ ಎಷ್ಟೋ ವರ್ಷ ಆಗಿತ್ತು, ಭಾಗದಲ್ಲಿ ಜಗಳ ಇರಲಿಲ್ಲ. ಜಗಳ ಬಂದಿದ್ದು ಬೋರಿನ ಪಾಳಿಗೆ. ಆ ವರ್ಷ ನೀರು ಇಳಿದಿತ್ತು, ನನ್ನ ಅಡಿಕೆ ಸಸಿ ಒಣಗ್ತಿದ್ವು, ಅವನ ತೆಂಗು ಗರಿ ಬೀಳ್ತಿದ್ವು. ಯಾರ ಪಾಳಿ ಯಾರು ತಗಂಡ್ರು ಅನ್ನೋದು ಈಗ ಬರೆದು ಏನೂ ಪ್ರಯೋಜನ ಇಲ್ಲ. ನಾನೂ ಮಾತಾಡಬಾರದ್ದು ಮಾತಾಡಿದೆ. ಮನೆ ಹೆಂಗಸರು ಮಾತಾಡ್ತಿದ್ರು, ಮಕ್ಕಳು ಓಡಾಡ್ತಿದ್ರು. ನಾವಿಬ್ಬರು ಮಾತ್ರ ಇಲ್ಲ. ಅವನ ಮನೆಗೂ ನಮ್ಮ ಮನೆಗೂ ಮಧ್ಯೆ ಇರೋದು ಎರಡು ಹುಣಸೆಮರ, ಒಂದು ತಿಪ್ಪೆ.

ಈಗ ಬುಕಿಂಗ್ ವಿಷಯಕ್ಕೆ ಬರ್ತೀನಿ.

ನಮ್ಮ ಮನೆಯವಳಿಗೆ ಬಹಳ ವರ್ಷದಿಂದ ರಾಷ್ಟ್ರಪತಿ ಭವನದ ಹೂವಿನ ತೋಟ ನೋಡೋ ಆಸೆ. ಟಿವಿಯಲ್ಲಿ ಪ್ರತಿ ವರ್ಷ ಫೆಬ್ರವರಿ ಬಂತು ಅಂದ್ರೆ ತೋರಿಸ್ತಾರಲ್ಲ, ಅದು. ಮೊದಲು ಮೊಘಲ್ ಗಾರ್ಡನ್ ಅಂತಿದ್ರು, 2023ರಿಂದ ಅಮೃತ ಉದ್ಯಾನ ಅಂತ ಹೆಸರು. ಮದುವೆಯಾಗಿ ಬಂದಾಗಿಂದ ಅವಳು ತವರು, ಆಸ್ಪತ್ರೆ, ಧರ್ಮಸ್ಥಳ ಬಿಟ್ಟು ಬೇರೆ ಕಡೆ ರಾತ್ರಿ ಉಳಿದೋಳಲ್ಲ. ಹಸು ಇದ್ದ ಮನೇಲಿ ಎಲ್ಲಿಗೆ ಹೋದ್ರೂ ಸಂಜೆ ಐದಕ್ಕೆ ವಾಪಸ್ ಬರಲೇಬೇಕು. ಅದು ನಿಮಗೂ ಗೊತ್ತಿರೋದೇ. "ಈ ಸಲ ಹೋಗೋಣ" ಅಂತ ನಾನೇ ಅಂದೆ.

ಮೊಬೈಲ್‌ನಲ್ಲಿ ಹಾಲಿನ ದುಡ್ಡು ಬಂತಾ ನೋಡೋದು, ಈ ಪೇಜಲ್ಲಿ ಬರೆಯೋದು ಬಿಟ್ಟರೆ ನನಗೆ ಬುಕಿಂಗ್ ಗಿಕಿಂಗ್ ಬರಲ್ಲ. ಅಲ್ಲಿ ಎಲ್ಲಾ ಇಂಗ್ಲಿಷ್, ಇಲ್ಲಾಂದ್ರೆ ಹಿಂದಿ. ಅದಕ್ಕೆ ಅಣ್ಣನ ಮಗನನ್ನ ಕರೆದೆ. ಅವನು ಡಿಪ್ಲೊಮಾ ಮಾಡಿದಾನೆ. ನಮ್ಮಿಬ್ಬರ ಜಗಳಕ್ಕೂ ಅವನಿಗೂ ಸಂಬಂಧ ಇಲ್ಲದಂಗೆ, "ಚಿಕ್ಕಪ್ಪಾ" ಅಂತ ಬರ್ತಾನೆ, ಹೋಗ್ತಾನೆ.

ಅವನು ಮೊದಲು ಹೇಳಿದ್ದು ರೈಲಿನದು. ಮುಂಚೆ ರೈಲು ಟಿಕೆಟ್ 120 ದಿನ ಮೊದಲೇ ಕೊಡ್ತಿದ್ರು. 2024ರ ನವೆಂಬರ್ 1ರಿಂದ ಅದನ್ನ 60 ದಿನ ಮಾಡಿದಾರೆ. ನಾವು ಫೆಬ್ರವರಿ 20ಕ್ಕೆ ಹೊರಡಬೇಕು ಅಂದ್ರೆ ಡಿಸೆಂಬರ್ 22ರ ಬೆಳಿಗ್ಗೆ ಎಂಟು ಗಂಟೆಗೆ ಬುಕಿಂಗ್ ಶುರು. ವಾಪಸ್ ಬರೋ 25ನೇ ತಾರೀಖಿಂದು ಡಿಸೆಂಬರ್ 27ಕ್ಕೆ. ಒಂದೇ ದಿನ ಎರಡೂ ಆಗಲ್ಲ, ಇದನ್ನ ನೆನಪಿಟ್ಕೊಳ್ಳಿ. ಆವತ್ತು ನಾನು ಕಣದಲ್ಲಿ ರಾಗಿ ಒಕ್ಕಣೆಗೆ ನಿಂತಿದ್ದೆ. ಅವನು ಕಣಕ್ಕೇ ಬಂದು, ರಾಗಿ ಹೊಟ್ಟಿನ ಧೂಳಲ್ಲೇ ನಿಂತ್ಕಂಡು ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಥರ್ಡ್ ಎಸಿ ಎರಡು ಸೀಟು ಹಾಕಿದ. ಎರಡೂ ಕೆಳಗಿನ ಬರ್ತು ಸಿಕ್ಕಲಿಲ್ಲ, ಒಂದು ಸಿಕ್ತು. ನಮ್ಮ ಮನೆಯವಳಿಗೆ ಮಂಡಿನೋವು, ಅವಳಿಗಾಯ್ತು.

ತಾರೀಖು ಹೆಂಗೆ ಹಿಡಿದ್ವಿ ಅಂತ ಕೇಳಬಹುದು. ರಾಗಿ ಜನವರಿಗೆ ಮನೆ ಸೇರುತ್ತೆ. ಹುಣಸೆ ಬಡಿಯೋದು ಸ್ವಲ್ಪ ಮುಂದೂಡಬಹುದು. ಇದ್ದ ಒಂದೇ ಲೆಕ್ಕ ಹಸುವಿಂದು. ಎಚ್‌ಎಫ್ ಕ್ರಾಸು, ಮೂರನೇ ಸೂಲು. ಮೇ 6ಕ್ಕೆ ಇಂಜೆಕ್ಷನ್ ಮಾಡಿಸಿದ್ದು. 280 ದಿನ ಅಂದ್ರೆ ಫೆಬ್ರವರಿ 10. ಹತ್ತಕ್ಕೆ ಕರು ಹಾಕುತ್ತೆ, ಹತ್ತು ದಿನ ನಾವೇ ನೋಡ್ಕಂತೀವಿ, ಆಮೇಲೆ ಹೋಗಿ ಬರೋಣ ಅಂತ ನಾವು ಕ್ಯಾಲೆಂಡರ್ ಮೇಲೆ ಗೀಟು ಹಾಕಿದ್ವಿ. ಹಸು ಕ್ಯಾಲೆಂಡರ್ ನೋಡಿರಲಿಲ್ಲ.

ಆಮೇಲೆ ನೋಡೋ ಜಾಗಗಳದು. ಅಣ್ಣನ ಮಗ ಒಂದು ಪುಸ್ತಕದಲ್ಲಿ ಗೆರೆ ಎಳೆದು ಬರೆದ: ಯಾವ ಜಾಗ, ಯಾವ ವಾರ ರಜಾ, ಬುಕ್ ಮಾಡದೆ ಬಿಡ್ತಾರಾ ಇಲ್ವಾ. ಹಿಂಗೆ ಬರೆದು ನೋಡಿದ ಮೇಲೇನೇ ನಮಗೆ ದಾರಿ ಕಂಡಿದ್ದು.

ಅಮೃತ ಉದ್ಯಾನ 2025ರಲ್ಲಿ ಫೆಬ್ರವರಿ 2ರಿಂದ ಮಾರ್ಚ್ 30ರವರೆಗೆ ತೆಗೆದಿತ್ತು. ಸೋಮವಾರ ರಜಾ. ಅದಲ್ಲದೆ ಫೆಬ್ರವರಿ 5 ದೆಹಲಿ ಚುನಾವಣೆಗೆ, 20 ಮತ್ತು 21 ಭವನದಲ್ಲಿ ಯಾವುದೋ ಸಮ್ಮೇಳನಕ್ಕೆ, ಮಾರ್ಚ್ 14 ಹೋಳಿಗೆ ರಜಾ ಇತ್ತು. ದುಡ್ಡಿಲ್ಲ, ಫ್ರೀ. ಆದ್ರೆ ಗಂಟೆ ಲೆಕ್ಕದಲ್ಲಿ ಪಾಳಿ ಇರುತ್ತೆ, ಅದನ್ನ ಮೊದಲೇ ಆನ್‌ಲೈನ್‌ನಲ್ಲಿ ಹಿಡಿದ್ರೆ ಒಳ್ಳೇದು. ಅಲ್ಲೇ ಹೋಗಿ ಮಿಷನ್‌ನಲ್ಲಿ ಚೀಟಿ ತಗೊಳ್ಳೋಕೂ ಬರುತ್ತೆ, ಅದಕ್ಕೆ ಒಂದು ಸಾಲು ಜಾಸ್ತಿ ನಿಲ್ಲಬೇಕು ಅಷ್ಟೆ.

ರಾಷ್ಟ್ರಪತಿ ಭವನದ ಒಳಗಿನ ಕಟ್ಟಡ ನೋಡೋದು ಬೇರೆ. ಅದಕ್ಕೆ ಬುಕಿಂಗ್ ಇಲ್ಲದೆ ಆಗಲ್ಲ. ಆಧಾರ್ ಪ್ರಕಾರ ಹೆಸರು ಕೊಡಬೇಕು. ಇಲ್ಲೊಂದು ಎಡವಟ್ಟಾಗಿತ್ತು. ನಮ್ಮ ಮನೆಯವಳನ್ನ ಮನೇಲಿ ಕರೆಯೋ ಹೆಸರೇ ಬೇರೆ, ಆಧಾರ್‌ನಲ್ಲಿರೋ ಹೆಸರೇ ಬೇರೆ. ಹುಡುಗ "ಚಿಕ್ಕಮ್ಮನ ಹೆಸರು" ಅಂತ ಮನೆ ಹೆಸರೇ ಹಾಕಿಬಿಟ್ಟಿದ್ದ. ಪುಣ್ಯಕ್ಕೆ ಮಾರನೇ ದಿನ ಕಣ್ಣಿಗೆ ಬಿತ್ತು, ಮತ್ತೆ ಹೊಸದಾಗಿ ಮಾಡಿದ. ನಿಮ್ಮ ಮನೆಗಳಲ್ಲೂ ಹಿಂಗೇ ಇರುತ್ತೆ. ಬುಕ್ ಮಾಡೋವಾಗ ಆಧಾರ್ ಕಾರ್ಡು ಎದುರಿಗೆ ಇಟ್ಕೊಳ್ಳಿ.

ಕೆಂಪುಕೋಟೆ, ಕುತುಬ್ ಮಿನಾರ್‌ಗೆ ಅಲ್ಲೇ ಟಿಕೆಟ್ ಸಿಗುತ್ತೆ. ಆನ್‌ಲೈನ್‌ನಲ್ಲಿ ತಗಂಡ್ರೆ ಐದು ರೂಪಾಯಿ ಕಡಿಮೆ, ಸಾಲು ನಿಲ್ಲೋ ಹಾಗಿಲ್ಲ. ಕುತುಬ್‌ಗೆ ರಜಾ ಇಲ್ಲ, ವಾರಪೂರ್ತಿ ತೆಗೆದಿರುತ್ತೆ. ಇಂಡಿಯಾ ಗೇಟು, ಅದರ ಪಕ್ಕದ ಯುದ್ಧ ಸ್ಮಾರಕ, ಇವಕ್ಕೆ ಟಿಕೆಟ್ಟೇ ಇಲ್ಲ. ತಾಜ್‌ಮಹಲ್ ಸೇರಿಸ್ಕೊಳ್ಳಿ ಅಂತ ಬಹಳ ಜನ ಅಂದ್ರು. ಅದು ಶುಕ್ರವಾರ ರಜಾ, ಆಗ್ರಾಕ್ಕೆ ಹೋಗಿ ಬರೋಕೆ ಒಂದು ಪೂರ್ತಿ ದಿನ ಬೇಕು. ಬಿಟ್ವಿ. ನಾಲ್ಕು ದಿನಕ್ಕೆ ಎಲ್ಲಾ ತುರುಕಿದ್ರೆ ಒಂದೂ ನೆಮ್ಮದಿಯಾಗಿ ನೋಡೋಕಾಗಲ್ಲ.

ಪೂಸಾ ಕೃಷಿ ಮೇಳದ ತಾರೀಖು ಆಮೇಲೆ ಗೊತ್ತಾಗಿದ್ದು, ಫೆಬ್ರವರಿ 22ರಿಂದ 24. ನಮ್ಮ ಅದೃಷ್ಟಕ್ಕೆ ಕೂಡಿ ಬಂತು. 24 ಸೋಮವಾರ. ಊರೆಲ್ಲಾ ಮುಚ್ಚಿರೋ ದಿನ ಮೇಳ ತೆಗೆದಿರುತ್ತೆ. ಅವತ್ತು ಮೇಳಕ್ಕೆ ಅಂತ ಬರ್ಕಂಡ್ವಿ. ಭಾನುವಾರ ಬೆಳಿಗ್ಗೆ ಹೂವಿನ ತೋಟ, ಮಧ್ಯಾಹ್ನ ಕುತುಬ್. ಮಂಗಳವಾರ ಬೆಳಿಗ್ಗೆ ಭವನ, ಮಧ್ಯಾಹ್ನ ಕೆಂಪುಕೋಟೆ, ರಾತ್ರಿ ರೈಲು. ಶನಿವಾರ ರೈಲಿಳಿಯೋ ದಿನ ಏನೂ ಇಲ್ಲ. ರೈಲು ತಡ ಆದ್ರೆ ಬುಕ್ ಮಾಡಿದ್ದು ಹೋಗುತ್ತೆ ಅಂತ ಬೇಕಂತಲೇ ಖಾಲಿ ಬಿಟ್ವಿ.

ಎಲ್ಲಾ ಬರೆದಾದ ಮೇಲೆ ಹುಡುಗ ಪುಸ್ತಕ ಮುಚ್ಚಿ ಕೇಳಿದ: "ಚಿಕ್ಕಪ್ಪಾ, ಹಸು ಯಾರು ನೋಡ್ಕಂತಾರೆ?"

ಅದನ್ನ ನಾನು ಯೋಚನೆ ಮಾಡಿರಲಿಲ್ಲ ಅಂತಲ್ಲ. ಮಾಡಿ ಮಾಡಿ ಪಕ್ಕಕ್ಕೆ ಇಡ್ತಿದ್ದೆ. ನಮ್ಮ ಹಸು ಹೊಸಬರು ಕೈ ಹಾಕಿದ್ರೆ ಒದೆಯುತ್ತೆ. ಸಂಬಳದ ಆಳಿಗೆ ಬಿಟ್ಟು ಹೋಗೋಕೆ ಧೈರ್ಯ ಇಲ್ಲ. ಊರಲ್ಲಿ ಹಸು ವಿಷಯ ಗೊತ್ತಿರೋನು, ರಾತ್ರಿ ಎರಡು ಗಂಟೆಗೆ ಎದ್ದು ಕೊಟ್ಟಿಗೆಗೆ ಹೋಗೋನು ಯಾರು ಅಂತ ಯೋಚಿಸಿದ್ರೆ ಒಬ್ಬನೇ ಬರ್ತಾನೆ ಕಣ್ಣ ಮುಂದೆ. ಕರು ಅಡ್ಡ ಸಿಕ್ಕಿದ್ರೆ ಕೈ ಹಾಕಿ ನೋಡಿ ಹೇಳೋನು ನಮ್ಮೂರಲ್ಲಿ ನಮ್ಮಣ್ಣನೇ.

ರೈಲು ಬುಕ್ ಮಾಡೋಕೆ ಹತ್ತು ನಿಮಿಷ ಆಗಿತ್ತು. ಎರಡು ಹುಣಸೆಮರ ದಾಟಿ ಅಣ್ಣನ ಮನೆ ಬಾಗಿಲಿಗೆ ಹೋಗೋಕೆ ನನಗೆ ನಲವತ್ತು ದಿನ ಆಯ್ತು. ಸುಳ್ಳು ಹೇಳಲ್ಲ. ಎರಡು ಸಲ ತಿಪ್ಪೆ ತನಕ ಹೋಗಿ, ತಿಪ್ಪೆ ನೋಡೋಕೆ ಬಂದವನ ಹಾಗೆ ನಿಂತು ವಾಪಸ್ ಬಂದೆ. ಜನವರಿ ಕೊನೇಲಿ ಒಂದು ಸಂಜೆ ನಮ್ಮ ಮನೆಯವಳು ಅವರೆಕಾಳು ಸಾರು ಮಾಡಿ, ಒಂದು ಪಾತ್ರೆಗೆ ಹಾಕಿ ನನ್ನ ಕೈಗೆ ಕೊಟ್ಟು, "ಅಕ್ಕಂಗೆ ಕೊಟ್ಟು ಬನ್ನಿ" ಅಂದಳು. ಯಾವತ್ತೂ ಅವಳೇ ಕೊಟ್ಟು ಬರೋಳು. ನನಗೂ ಅರ್ಥ ಆಯ್ತು.

ಅಣ್ಣ ಜಗಲಿ ಮೇಲೆ ಕೂತು ಹಗ್ಗ ಹೊಸೀತಿದ್ದ. ಅತ್ತಿಗೆ ಪಾತ್ರೆ ತಗಂಡು ಒಳಗೆ ಹೋದ್ರು, ಹೊರಗೆ ಬರಲೇ ಇಲ್ಲ. ನಾನು ನಿಂತೇ ಇದ್ದೆ. "ಅಣ್ಣ, ದೆಹಲಿಗೆ ಹೋಗ್ತಿದ್ದೀವಿ" ಅಂದೆ. "ಹುಡುಗ ಹೇಳ್ದ" ಅಂದ. "ಆರೇಳು ದಿನ ಆಗುತ್ತೆ" ಅಂದೆ. ಹಗ್ಗ ಹೊಸೆಯೋದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಯಾವಾಗ ಇಂಜೆಕ್ಷನ್ ಮಾಡಿಸಿದ್ದು?" ಅಂತ ಕೇಳಿದ. "ಮೇ ಆರು." ಬೆರಳಲ್ಲಿ ಎಣಿಸಿದ. "ಅದರ ತಾಯಿನೂ ದಿನ ಮೀರಿಸಿ ಹಾಕ್ತಿತ್ತು. ಹತ್ತಕ್ಕೆ ಹಾಕಲ್ಲ ಅದು. ಹೋಗಿ ಬರ್ರಿ, ನಾನಿರ್ತೀನಿ" ಅಂದ.

ಆರು ವರ್ಷದ ಮೇಲೆ ಅಷ್ಟೇ ಮಾತು. ಬೋರಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊರಡೋಕೆ ಐದು ದಿನ ಇದೆ ಅನ್ನೋವಾಗ ಇನ್ನೊಂದು. ಫೆಬ್ರವರಿ 15ರ ರಾತ್ರಿ ಹೊಸದಿಲ್ಲಿ ರೈಲ್ವೆ ಸ್ಟೇಷನ್‌ನಲ್ಲಿ ಕುಂಭಮೇಳಕ್ಕೆ ಹೋಗೋರ ನೂಕುನುಗ್ಗಲಾಗಿ ಜನ ಸತ್ತರು. ಟಿವಿಯಲ್ಲಿ ಪ್ಲಾಟ್‌ಫಾರಂ ಮೇಲೆ ಬಿದ್ದಿರೋ ಚಪ್ಪಲಿ, ಚೀಲ ತೋರಿಸ್ತಿದ್ರು. ನಾವು ಇಳಿಯಬೇಕಾಗಿದ್ದೂ ಅದೇ ಸ್ಟೇಷನ್. ಬೇಡ, ಕ್ಯಾನ್ಸಲ್ ಮಾಡಿ ಅಂತ ನೆಂಟರೆಲ್ಲಾ ಫೋನು. ಆಗ 48 ಗಂಟೆಗಿಂತ ಮುಂಚೆ ಕ್ಯಾನ್ಸಲ್ ಮಾಡಿದ್ರೆ ಥರ್ಡ್ ಎಸಿಗೆ ಒಬ್ಬರಿಗೆ 180 ರೂಪಾಯಿ ಚಿಲ್ಲರೆ ಹಿಡೀತಿದ್ರು, ಉಳಿದದ್ದು ಬರ್ತಿತ್ತು. ಅಂದ್ರೆ ದುಡ್ಡಿನ ಭಯಕ್ಕೆ ಹೋಗಬೇಕಾಗಿರಲಿಲ್ಲ. ನಮ್ಮ ರೈಲು ಪ್ರಯಾಗ್‌ರಾಜ್ ಕಡೆ ಹೋಗಲ್ಲ, ನಾವು ಇಳಿಯೋದು ಹಗಲು ಹೊತ್ತು, ಸೀಟು ಪಕ್ಕಾ ಇದೆ. ಇಷ್ಟು ನೋಡ್ಕಂಡು ಹೋಗೋದು ಅಂತ ತೀರ್ಮಾನ ಮಾಡಿದ್ವಿ. ಇಳಿದ ಮೇಲೆ ಎಲ್ಲರಿಗಿಂತ ಕೊನೇಲಿ, ಪ್ಲಾಟ್‌ಫಾರಂ ಖಾಲಿಯಾದ ಮೇಲೆ ಮೆಟ್ಟಿಲು ಹತ್ತೋಣ ಅಂದ್ಕಂಡ್ವಿ, ಹಂಗೇ ಮಾಡಿದ್ವಿ. ಸತ್ತೋರೂ ನಮ್ಮಂಥವರೇ, ಬುತ್ತಿ ಕಟ್ಕಂಡು ಹೊರಟೋರು.

20ನೇ ತಾರೀಖು ಬೆಳಿಗ್ಗೆಯಾದ್ರೂ ಹಸು ಕರು ಹಾಕಿರಲಿಲ್ಲ. ಕೆಚ್ಚಲು ತುಂಬಿತ್ತು. ನಮ್ಮ ಮನೆಯವಳು ಹಸುವಿನ ಕತ್ತು ತಡವಿ, ಅದರ ಕಿವೀಲಿ ಏನೋ ಹೇಳಿ ಬಸ್ ಹತ್ತಿದಳು.

ಶನಿವಾರ ಬೆಳಿಗ್ಗೆ ದೆಹಲಿ. ಕರೋಲ್‌ಬಾಗ್‌ನಲ್ಲಿ ಲಾಡ್ಜು. ಅಲ್ಲಿಂದ ಪೂಸಾ ಹತ್ತಿರ, ಮೆಟ್ರೋನೂ ಹತ್ತಿರ. ಸ್ನಾನ ಮಾಡಿ, ಮಲಗಿ, ಸಂಜೆ ಇಂಡಿಯಾ ಗೇಟಿಗೆ ಹೋದ್ವಿ. ಪಕ್ಕದ ಯುದ್ಧ ಸ್ಮಾರಕದಲ್ಲಿ ಕಲ್ಲು ಕಲ್ಲಿನ ಮೇಲೆ ಸೈನಿಕರ ಹೆಸರು. ನಮ್ಮ ಕಡೆ ಹೆಸರು ಇದೆಯಾ ಅಂತ ಹುಡುಕುತ್ತಾ ಕತ್ತಲಾಯ್ತು. ಬುಕ್ ಮಾಡದೆ ನೋಡಿದ ಜಾಗದಲ್ಲಿ ಮನಸ್ಸಿಗೆ ಹಿಡಿಸಿದ್ದು ಅದು.

ಭಾನುವಾರ ಹನ್ನೊಂದು ಗಂಟೆ ಪಾಳಿಗೆ ಹೂವಿನ ತೋಟ. ಸೆಂಟ್ರಲ್ ಸೆಕ್ರೆಟೇರಿಯಟ್ ಮೆಟ್ರೋ ಸ್ಟೇಷನ್‌ನಿಂದ ಗೇಟ್ ನಂಬರ್ 35ಕ್ಕೆ ಬಸ್ ಬಿಟ್ಟಿರ್ತಾರೆ. ಮೊಬೈಲು, ಪರ್ಸು, ನೀರಿನ ಬಾಟಲ್ ಬಿಟ್ಟು ತಿಂಡಿ ಗಿಂಡಿ ಒಳಗೆ ಬಿಡಲ್ಲ. ನಮ್ಮ ಮನೆಯವಳ ಎಲೆಅಡಿಕೆ ಚೀಲದಲ್ಲಿ ಅಡಕತ್ತರಿ ಇತ್ತು. ಲಾಡ್ಜಲ್ಲೇ ಇಡಿಸಿ ಬಂದಿದ್ದೆ, ಇಲ್ಲದಿದ್ರೆ ಗೇಟಲ್ಲಿ ಅದಕ್ಕೊಂದು ಪಂಚಾಯ್ತಿ ಆಗೋದು.

ತೋಟ ಹದಿನೈದು ಎಕರೆ. ಟ್ಯುಲಿಪ್ ಅಂತ ಹೂವು, ಬಟ್ಟಲು ನಿಲ್ಲಿಸಿದ ಹಾಗೆ ಸಾಲು ಸಾಲು. ಗುಲಾಬಿ ಲೆಕ್ಕ ಇಲ್ಲ. ನಮ್ಮ ಮನೆಯವಳು ಹೂವಿಗಿಂತ ಮಣ್ಣು ನೋಡ್ತಿದ್ದಳು. "ಹದಿನೈದು ಎಕರೇಲಿ ಒಂದು ಗರಿಕೆ ಕಳೆ ತೋರಿಸಿ ನೋಡೋಣ" ಅಂದಳು. ನಾನೂ ಹುಡುಕಿದೆ, ಸಿಗಲಿಲ್ಲ.

ಆಗ ಫೋನು ಬಂತು. ಅಣ್ಣ. "ಲೋ, ಬೆಳಿಗ್ಗೆಯಿಂದ ಒದ್ದಾಡ್ತೈತೆ. ಒಂದೇ ಕಾಲು ಕಾಣ್ತೈತೆ. ಇನ್ನೊಂದು ಒಳಗೆ ಮಡಚ್ಕಂಡೈತೆ. ಡಾಕ್ಟ್ರಿಗೆ ಹೇಳಿ ಕಳಿಸಿದೀನಿ. ನೀವು ಗಾಬ್ರಿ ಆಗಬೇಡ್ರಿ" ಅಂತ ಹೇಳಿ ಇಟ್ಟುಬಿಟ್ಟ.

ಸುತ್ತ ಸಾವಿರಾರು ಜನ ಸೆಲ್ಫಿ ತಗೊಳ್ತಿದ್ರು. ನಾವಿಬ್ಬರು ಮುಖ ಮುಖ ನೋಡ್ಕಂಡು ನಿಂತ್ವಿ. ಎರಡು ತಿಂಗಳು ಮುಂಚೆ ಗಂಟೆ ಲೆಕ್ಕದಲ್ಲಿ ಎಲ್ಲಾ ಬರೆದಿಟ್ಟಿದ್ವಿ. ಹಸು ಮಾತ್ರ ಅದೇ ಗಂಟೆ ಹಿಡಿದಿತ್ತು. ಉಳಿದ ತೋಟ ನಡೆದ್ವಿ, ಏನು ನೋಡಿದ್ವಿ ಅಂತ ನನಗೆ ನೆನಪಿಲ್ಲ. ಹೊರಗೆ ಬಂದು ಒಂದು ಮರದ ನೆರಳಲ್ಲಿ ಕೂತ್ವಿ. ಫೋನು ಮಧ್ಯೆ ಇಟ್ಕಂಡು. ನಮ್ಮ ಮನೆಯವಳು, "ಹೂವು ನೋಡೋ ಆಸೆಗೆ ಬಂದು ಬಾಯಿಲ್ಲದ ಜೀವನ ಬಿಟ್ಟು ಬಂದ್ನಲ್ಲ" ಅಂತ ಅತ್ತಳು. ನಾನು ಏನು ಹೇಳ್ಲಿ. "ಅಣ್ಣ ಇದಾನೆ" ಅಂದೆ. ಆರು ವರ್ಷ ನನ್ನ ಬಾಯಲ್ಲಿ ಬರದಿದ್ದ ಮಾತು ಅದು.

ಒಂದು ಗಂಟೆ ಮೇಲೆ ಅಣ್ಣನ ಮಗನ ವಿಡಿಯೋ ಕಾಲ್ ಬಂತು. ಡಾಕ್ಟ್ರು ಕಾಲು ಸರಿ ಮಾಡಿ, ಅಣ್ಣ ಎಳೆದು, ಕರು ಹೊರಗೆ ಬಂದಿತ್ತು. ಹೆಣ್ಣು ಕರು. ಹಣೆ ಮೇಲೆ ಬಿಳಿ ಮಚ್ಚೆ. ಅಣ್ಣನ ಅಂಗಿ ತೋಳು ಮೊಣಕೈ ತನಕ ರಕ್ತ, ಲೋಳೆ. ಹಸು ಕರು ನೆಕ್ತಾ ಇತ್ತು. ಪಕ್ಕದಲ್ಲಿ ಹೋಗ್ತಿದ್ದ ಯಾರೋ ಪಂಜಾಬಿ ಮುದುಕಪ್ಪ, ಪೇಟ ಕಟ್ಟಿದ್ದ, ನಮ್ಮ ಫೋನೊಳಗೆ ಬಗ್ಗಿ ನೋಡಿ ಕೈ ಮುಗಿದು ಏನೋ ಹೇಳಿ ನಕ್ಕ. ಭಾಷೆ ತಿಳೀಲಿಲ್ಲ. ಅವನೂ ಹಸು ಕಟ್ಟಿರೋನೇ ಅಂತ ತಿಳೀತು.

ಕಸ ಬೀಳೋ ತನಕ ನಮ್ಮ ಮನೆಯವಳಿಗೆ ಎಲ್ಲಿಗೂ ಬರೋ ಮನಸ್ಸಿಲ್ಲ. ಲಾಡ್ಜಿಗೆ ಬಂದು ಫೋನ್ ಚಾರ್ಜಿಗೆ ಹಾಕಿ ಕೂತ್ವಿ. ಸಂಜೆ ಆರಕ್ಕೆ ಕಸ ಹಾಕ್ತು ಅಂತ ಫೋನ್ ಬಂದ ಮೇಲೇ ಅನ್ನ ತಿಂದಿದ್ದು. ಕುತುಬ್ ಮಿನಾರ್ ಟಿಕೆಟ್ ಒಬ್ಬರಿಗೆ 35ರಂತೆ 70 ರೂಪಾಯಿ ಹೋಯ್ತು. ಹೋದ್ರೆ ಹೋಗಲಿ. 1981ರಲ್ಲಿ ಒಳಗೆ ಕಾಲ್ತುಳಿತ ಆಗಿ ಜನ ಸತ್ತ ಮೇಲೆ ಮೇಲಕ್ಕೆ ಹತ್ತೋಕೆ ಬಿಡಲ್ಲವಂತೆ, ಕೆಳಗೆ ನಿಂತೇ ನೋಡಬೇಕು. ಅದನ್ನ ಮೆಟ್ರೋದಲ್ಲಿ ಸಿಕ್ಕಿದ ಒಬ್ಬ ಕನ್ನಡದ ಹುಡುಗ ಹೇಳಿ ಸಮಾಧಾನ ಮಾಡಿದ.

ಸೋಮವಾರ ಪೂಸಾ. ಮೇಳಕ್ಕೆ ದುಡ್ಡಿಲ್ಲ. ನಮ್ಮಪ್ಪನ ಕಾಲದಲ್ಲಿ ಪೂಸಾ ಸವಾನಿ ಬೆಂಡೆ, ಪೂಸಾ ರೂಬಿ ಟೊಮ್ಯಾಟೊ ಅಂತ ಬೀಜ ತರ್ತಿದ್ದು ನೆನಪಿರೋರು ಇಲ್ಲಿ ಇದ್ದೀರಿ. ಪೂಸಾ ಅಂದ್ರೆ ದೆಹಲೀಲಿರೋ ಊರು ಅಂದ್ಕಂಡಿದ್ದೆ. ಅಲ್ಲ. ಸಂಸ್ಥೆ 1905ರಲ್ಲಿ ಶುರುವಾಗಿದ್ದು ಬಿಹಾರದ ಪೂಸಾ ಅನ್ನೋ ಊರಲ್ಲಿ. 1934ರ ಭೂಕಂಪಕ್ಕೆ ಕಟ್ಟಡ ಹಾಳಾಗಿ 1936ರಲ್ಲಿ ದೆಹಲಿಗೆ ಬಂತು. ಊರು ಬಿಟ್ಟರೂ ಹೆಸರು ಬಿಡಲಿಲ್ಲ. ಗೋಧಿ, ಬಾಸ್ಮತಿ ನಮಗೆ ಉಪಯೋಗ ಇಲ್ಲ. ತರಕಾರಿ ಬೀಜ ಸ್ವಲ್ಪ ತಂದೆ, ಅದರ ಬಗ್ಗೆ ಬೆಳೆದ ಮೇಲೆ ಬರೀತೀನಿ.

ಮಂಗಳವಾರ ಬೆಳಿಗ್ಗೆ ರಾಷ್ಟ್ರಪತಿ ಭವನ. ಚೀಟಿ, ಆಧಾರ್ ಎರಡೂ ನೋಡಿ ಬಿಟ್ಟರು. ಹೆಸರು ಸರಿ ಮಾಡಿಸಿದ್ದು ಒಳ್ಳೇದಾಯ್ತು. 340 ಕೋಣೆ ಅಂತ ಹೇಳಿದ್ರು, ನಮಗೆ ತೋರಿಸೋದು ಕೆಲವು. ಒಳಗೆ ಫೋಟೋ ತೆಗೆಯೋ ಹಾಗಿಲ್ಲ. ದೊಡ್ಡ ಗುಮ್ಮಟದ ಕೆಳಗಿನ ಹಾಲು, ಮೊದಲು ದರ್ಬಾರ್ ಹಾಲ್ ಅಂತಿದ್ರು, 2024ರಿಂದ ಗಣತಂತ್ರ ಮಂಟಪ. ಪದ್ಮ ಪ್ರಶಸ್ತಿ ಕೊಡೋ ಜಾಗ ಅದು. ನಮ್ಮ ಮನೆಯವಳು ಮೆಲ್ಲಗೆ, "ತಿಮ್ಮಕ್ಕ ರಾಷ್ಟ್ರಪತಿ ತಲೆ ಮುಟ್ಟಿದ್ದು ಇಲ್ಲೇನಾ?" ಅಂದಳು. ಹೌದು. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಮ್ಮ ಪಕ್ಕದ ಗುಬ್ಬಿ ತಾಲ್ಲೂಕು. 2019ರಲ್ಲಿ ಪದ್ಮಶ್ರೀ ತಗೊಳ್ಳೋವಾಗ ರಾಷ್ಟ್ರಪತಿ ಕೋವಿಂದ್ ಅವರ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ್ದು ನಾವೆಲ್ಲಾ ಟಿವಿಯಲ್ಲಿ ನೋಡಿದ್ವಲ್ಲ. ಇವಳು ಆ ನೆಲ ನೋಡ್ಕಂಡು ನಿಂತುಬಿಟ್ಟಳು. ಹಿಂದಿನೋರು ಮುಂದೆ ಹೋಗಿ ಅಂತ ಹೇಳೋ ತನಕ.

ಮಧ್ಯಾಹ್ನ ಮೆಟ್ರೋದಲ್ಲಿ ಕೆಂಪುಕೋಟೆ. ಸ್ಟೇಷನ್ ಹೆಸರೇ ಲಾಲ್ ಕಿಲಾ. ಗೇಟು ತೆಗೆದಿತ್ತು. ಅಷ್ಟೇ ಸಾಕಾಗಿತ್ತು ನನಗೆ. 2016ರಲ್ಲಿ ಅಣ್ಣ ನಿಂತಿದ್ದ ಜಾಗ ಸುಮಾರಾಗಿ ಗುರುತು ಹಿಡಿದೆ. ಒಳಗೆ ಹೋಗಿ, ಒಳಗಿನಿಂದ ಅದೇ ಗೇಟಿನ ಫೋಟೋ ತೆಗೆದು ಅಣ್ಣನ ಮಗನಿಗೆ ಕಳಿಸಿದೆ. "ನಿಮ್ಮಪ್ಪಂಗೆ ತೋರಿಸು" ಅಂತ ಮಾತಲ್ಲಿ ಹೇಳಿ ಕಳಿಸಿದೆ.

ವಾಪಸ್ ಬರೋ ಬುಧವಾರ ಶಿವರಾತ್ರಿ. ಬುಕ್ ಮಾಡೋವಾಗ ಅದನ್ನ ನಾವು ನೋಡಿರಲಿಲ್ಲ, ಇದೊಂದು ತಪ್ಪು. ನಮ್ಮ ಮನೆಯವಳು ಬಾಳೆಹಣ್ಣು, ಕಿತ್ತಳೆ ತಿಂದ್ಕಂಡು ರೈಲಲ್ಲೇ ಉಪವಾಸ ಮಾಡಿದಳು. ರಾತ್ರಿ ಸೊಲ್ಲಾಪುರ ಬಂದಾಗ ಸಿದ್ಧರಾಮೇಶ್ವರನ ಊರು ಅಂತ ಕಿಟಕಿಯಿಂದಲೇ ಕೈ ಮುಗಿದಳು.

ಗುರುವಾರ ಸಂಜೆ ಮನೆ ಸೇರಿದಾಗ ಅಣ್ಣ ಕೊಟ್ಟಿಗೇಲಿ ಕೂತು ಹಾಲು ಕರೀತಿದ್ದ. ಹಸು ಒದೀತಿರಲಿಲ್ಲ. ಎದ್ದು ಕೈ ಒರೆಸ್ಕಂಡು ಡೇರಿ ಪುಸ್ತಕ ನನ್ನ ಕೈಗಿಟ್ಟ. ಅತ್ತಿಗೆ ಗಿಣ್ಣು ಮಾಡಿ ತಂದ್ರು. ನಾಲ್ಕೂ ಜನ ಜಗಲಿ ಮೇಲೆ ಕೂತು ತಿಂದ್ವಿ. ಅಣ್ಣ, "ಫೋಟೋ ನೋಡ್ದೆ. ಒಳಗೆ ಬಹಳ ದೊಡ್ಡದೈತಾ?" ಅಂದ. "ಬಹಳ ದೊಡ್ಡದು" ಅಂದೆ. ಗಿಣ್ಣು ತಿಂದು ಕೈ ತೊಳ್ಕಂಡು ಹೋಗೋವಾಗ, "ಬರೋ ವರ್ಷ ನಂಗೂ ನಿಮ್ಮ ಅತ್ತಿಗೆಗೂ ಹಾಕಿಸು. ಸೋಮವಾರ ಬಿಟ್ಟು" ಅಂದ. ಅವನ ಎರಡು ಹಸು, ಏಳು ಕುರಿ ಆ ವಾರ ನಮ್ಮದು. ನಮ್ಮ ಹಿರಿಯರು ಇದಕ್ಕೆ ಮುಯ್ಯಿ ಅಂತಿದ್ರು.

ಹೋಗೋ ಆಸೆ ಇರೋರಿಗೆ ನನ್ನ ಲೆಕ್ಕ ಇಷ್ಟು:

ಮೊದಲು ಹಸು ನೋಡ್ಕೊಳ್ಳೋರನ್ನ ಕೇಳಿ, ಆಮೇಲೆ ರೈಲು. ನಾನು ಉಲ್ಟಾ ಮಾಡಿದೆ.

ಗಬ್ಬದ ಹಸು ಇದ್ರೆ 280 ದಿನದ ಮೇಲೆ ಹದಿನೈದು ದಿನ ಬಿಟ್ಟೇ ತಾರೀಖು ಹಿಡೀರಿ.

ಕ್ಯಾಲೆಂಡರ್‌ನಲ್ಲಿ ಹಬ್ಬ ನೋಡಿ. ಸೋಮವಾರ ಯಾವುದಕ್ಕೆ ರಜಾ ಅಂತ ನೋಡಿ. ಹೊರಡೋ ಹಿಂದಿನ ವಾರ ಇನ್ನೊಂದು ಸಲ ರಜಾ ಪಟ್ಟಿ ನೋಡಿ.

ಬುಕಿಂಗ್ ಇಲ್ಲದೆ ಬಿಡದಿರೋ ಜಾಗ ಮಾತ್ರ ಮುಂಚೆ ಹಿಡೀರಿ. ದಿನಕ್ಕೆ ಒಂದು ಸಾಕು. ಉಳಿದಿದ್ದು ಅಲ್ಲೇ ಹೋಗಿ ತಗೊಳ್ಳಿ.

ಆಧಾರ್‌ನಲ್ಲಿರೋ ಹೆಸರನ್ನೇ ಹಾಕಿ. ಅಡಕತ್ತರಿ ಲಾಡ್ಜಲ್ಲೇ ಬಿಡಿ.

ಕರು ಚೆನ್ನಾಗಿದೆ, ಕೇಳಿದೋರಿಗೆಲ್ಲಾ ಹೇಳ್ತಿದ್ದೀನಿ. ಬೋರಿನ ಪಾಳಿ ಈ ಬೇಸಿಗೆಗೆ ಹೆಂಗೆ ಮಾಡೋಣ ಅಂತ ಅಣ್ಣನ ಜೊತೆ ಕೂತು ಮಾತಾಡೋದು ಇನ್ನೂ ಬಾಕಿ ಇದೆ. ಯುಗಾದಿ ಒಳಗೆ ಮಾಡ್ತೀವಿ.

ಮುಂದಿನ ವಾರ ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಬರೀತೀನಿ. ನಮ್ಮ ತೋಟದ ಕೆರೆ ಕಡೆ ಸಾಲಿನಲ್ಲಿ ಶುರುವಾಗಿದೆ. ನಿಮ್ಮಲ್ಲೂ ಗರಿ ಒಣಗ್ತಿದ್ರೆ ಅಡಿ ಗರಿ ತಿರುಗಿಸಿ ನೋಡಿ.